ಗೀರು ಬಿದ್ದ ಪ್ಲೇಟಿನ ಆದಿಲಕ್ಷ್ಮಮ್ಮ

ಯಲ್ದೂರಿನಾಚೆ ಮಾವಿನ ತೋಪಿಗೆ ಅಂಟಿಕೊಂಡ ಮದುವೆ ಮನೆ. ಮೂಡಣ ಇನ್ನೂ ಕೆಂಪೇರಿಲ್ಲ. ಆದಿಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಏಣಿ ಹತ್ತಿ, ಬೇವಿನ ಕೊಂಬೆಗೆ ಮೈಕ್ ಸೆಟ್ಟಿನ ಹಾರನ್ ಕಟ್ಟುತ್ತಿದ್ದಾರೆ. ಇವರ ಬಗ್ಗೆ ಬರೆಯಲು ಬಂದ ನಾನು ಏಣಿ ಹಿಡಿದುಕೊಳ್ಳಲೇ ಎಂದರೆ, "ನಿಮ್ಮ ಪೆನ್ನು ಹಿಡ್ಕೊಳಿ ಸಾರ್, ಅಷ್ಟು ಸಾಕು" ಎನ್ನುತ್ತಾರೆ. ಇಳಿದವರೇ ಗ್ರಾಮಫೋನ್ ಪ್ಲೇಟು ಒರೆಸಿ ಮುಳ್ಳು ಇಡುತ್ತಾರೆ. ಸುಪ್ರಭಾತಕ್ಕೆ ಊರು ಏಳುತ್ತದೆ, ಬೈದುಕೊಂಡೇ ಏಳುವವರೂ ಇದ್ದಾರೆ.

ಗಂಡ ಕೋದಂಡರಾಮಪ್ಪ ತೀರಿಕೊಂಡಾಗ, ಮೈಕ್ ಸೆಟ್ಟು ಮಾರಿಬಿಡು ಎಂದವರೇ ಎಲ್ಲರೂ. ಅದು ತೊಂಬತ್ತರ ದಶಕದ ಆರಂಭ. ಹೆಂಗಸು ಮರ ಹತ್ತಿದರೆ ಊರು ನಗುತ್ತದೆ ಎಂಬುದು ನೆಂಟರ ಚಿಂತೆ. "ನಗ್ಲಿ ಅಂದೆ. ನಕ್ಕೋರ ಮನೆ ಮದ್ವೆಗೂ ನಾನೇ ಪಾಟ ಹಾಕಿದೀನಿ" ಎಂದು ಅವರೇ ನಗುತ್ತಾರೆ. ತೆಲುಗು ಬೆರೆತ ಈ ಸೀಮೆಯ ಮಾತಿನಲ್ಲಿ ಹಾಡು ಎಂದರೆ ಪಾಟ.

ಇವರ ಬಳಿ ಪ್ಲೇಟು ತಿರುಗಿಸುವ ಯಂತ್ರ ಎರಡಿವೆ. ಮೆರವಣಿಗೆಯಲ್ಲಿ ಹುಡುಗರು ಕುಣಿಯುವಾಗ ಒಂದರ ತಮಟೆ ಮುಗಿಯುವ ಮೊದಲೇ ಇನ್ನೊಂದರ ಮೇಲೆ ಮುಳ್ಳು ಕೂತಿರುತ್ತದೆ. "ಸದ್ದು ನಿಂತ್ರೆ ಜನ ಕೂತ್ಬಿಡ್ತಾರೆ ಸಾರ್. ಕೂತೋರನ್ನ ಎಬ್ಬಿಸೋದು ಕಷ್ಟ." ಬೆಂಗಳೂರಿನ ಹೋಟೆಲುಗಳಲ್ಲಿ ಇದೇ ಕೆಲಸ ಮಾಡುವವರನ್ನು ಡೀಜೆ ಎಂದು ಕರೆದು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಇವರು ಮಾತ್ರ ಊರಿಗೆ ಇವತ್ತಿಗೂ ಮೈಕ್ ಸೆಟ್ಟಮ್ಮ.

ಕ್ಯಾಸೆಟ್ಟು ಬಂತು, ಸೀಡಿ ಬಂತು, ಇವರು ಜಗ್ಗಲಿಲ್ಲ. ಈಗ ಶ್ರೀನಿವಾಸಪುರದ ಅಮರನಾಥ್ ಕಂಪ್ಯೂಟರ್ ತಂದಿದ್ದಾನೆ. ಸಾವಿರಾರು ಹಾಡು ಅದರೊಳಗೇ ಇವೆ, ಬೆರಳು ಒತ್ತಿದರೆ ಸಾಕು. ಒಂದೊಂದೇ ಊರು ಅವನ ಕಡೆ ವಾಲುತ್ತಿದೆ. ಈ ಮದುವೆಗೆ ಹೆಣ್ಣಿನ ಕಡೆಯವರು ಕರೆದದ್ದು ಆದಿಲಕ್ಷ್ಮಮ್ಮನನ್ನು, ಗಂಡಿನ ಕಡೆಯವರು ಕರೆತಂದದ್ದು ಅಮರನಾಥನನ್ನು. ಸುಪ್ರಭಾತ ಆಯಿತಲ್ಲ, ಇನ್ನು ಪ್ಲೇಟು ಎತ್ತಿಡಿ ಎಂದು ಗಂಡಿನ ಕಡೆಯ ಬೀಗರ ಅಪ್ಪಣೆಯಾಗುತ್ತದೆ. ಇಲ್ಲಿ ಎತ್ತಿಟ್ಟರೆ ಮುಂದಿನ ವರ್ಷ ಇವರನ್ನು ಕರೆಯುವ ಮನೆಯೇ ಇರುವುದಿಲ್ಲ. "ಕರೆದೋರು ಹೋಗು ಅನ್ಲಿ, ಹೋಗ್ತೀನಿ" ಎಂದು ಅವರು ಯಂತ್ರದ ಪಕ್ಕದಲ್ಲೇ ಚಕ್ಕಂಬಕ್ಕಲ ಹಾಕಿ ಕೂರುತ್ತಾರೆ.

ಧಾರೆ ಮುಗಿದು ಆರತಿಯ ಹೊತ್ತು. ಅಮರನಾಥ್ ಆರತಿ ಹಾಡು ಹಾಕುತ್ತಾನೆ, ಹೆಂಗಸರು ದನಿಗೂಡಿಸುತ್ತಾರೆ. ಎರಡನೆಯ ನುಡಿಗೆ ಎಲ್ಲ ಕಲಸುಮೇಲೋಗರ. ಹೆಂಗಸರು ಮುಂದೆ ಹೋಗಿದ್ದಾರೆ, ಹಾಡು ಹಿಂದೆ ಉಳಿದಿದೆ. ಕಾರಣ ಇಷ್ಟೇ: ಆದಿಲಕ್ಷ್ಮಮ್ಮನ ಪ್ಲೇಟಿಗೆ ಎಂದೋ ಗೀರು ಬಿದ್ದಿದೆ, ಅಲ್ಲಿ ಮುಳ್ಳು ಒಂದಿಡೀ ಸಾಲನ್ನು ಹಾರುತ್ತದೆ. ಸುತ್ತಲಿನ ಹಳ್ಳಿಗಳ ಹೆಂಗಸರು ಆ ಹಾಡು ಕಲಿತದ್ದೇ ಆ ಪ್ಲೇಟಿನಿಂದ. ಅಂಥದ್ದೊಂದು ಸಾಲು ಇದೆ ಎಂಬುದೇ ಅವರಿಗೆ ಗೊತ್ತಿಲ್ಲ.

ಆರತಿ ತಟ್ಟೆ ಹಿಡಿದಿದ್ದ ಮದುಮಗಳ ಅಜ್ಜಿ ಅಶ್ವತ್ಥಮ್ಮ ಸಿಡಿದೇಳುತ್ತಾರೆ. "ಲೇ, ನಿಲ್ಸೋ! ನಿನ್ ಕಂಪ್ಯೂಟರ್‌ಗೆ ಪಾಟಾನೇ ಬರಲ್ಲ."

"ಇದೇ ಸರಿಯಾದ ಹಾಡು ಅಜ್ಜೀ."

"ಸರಿಯಾಗಿದ್ರೆ ನಮಗೆ ಬರ್ತಿರ್ಲಿಲ್ವಾ? ಲಕ್ಷ್ಮಮ್ಮಾ, ನೀನು ಹಾಕಮ್ಮ."

ಪ್ಲೇಟು ತಿರುಗುತ್ತದೆ. ಗೀರು ಬರುತ್ತದೆ, ಮುಳ್ಳು ಹಾರುತ್ತದೆ, ಅದರ ಜೊತೆಗೇ ಹೆಂಗಸರೆಲ್ಲ ಹಾರುತ್ತಾರೆ, ಒಬ್ಬರೂ ತಪ್ಪುವುದಿಲ್ಲ. ಇಲ್ಲದ ಸಾಲು ಹಾಡಲು ಹೋಗಿ ಮುಗ್ಗರಿಸಿದವರು ಹಾಡನ್ನು ಬೇರೆ ಕಡೆ ಕಲಿತ ಗಂಡಿನ ಕಡೆಯವರು ಮಾತ್ರ. ನನಗೆ ನಗು ಬಂತು.

ಊಟವಾದ ಮೇಲೆ ಅಮರನಾಥ್ ಮೆಲ್ಲಗೆ ಹತ್ತಿರ ಬರುತ್ತಾನೆ. "ಅಕ್ಕಾ, ಆ ಪ್ಲೇಟು ಒಂದ್ಸಲ ಕೊಡಿ. ಗೀರು ಸಮೇತ ಕಂಪ್ಯೂಟರ್‌ಗೆ ತುಂಬ್ಕೊಂಡು ವಾಪಸ್ ಕೊಡ್ತೀನಿ."

ಹುಡುಗ ಚುರುಕು. ಕೊಟ್ಟರೆ ಇವರಿಗೆ ಉಳಿದಿರುವ ಒಂದು ಕೆಲಸವೂ ಅವನ ಪಾಲು.

"ಕೊಡಲ್ಲ ನಾಯನಾ. ಕುಣಿಯೋ ಪಾಟೆಲ್ಲ ನೀನೇ ಹಾಕ್ಕೋ, ಬೇಡ ಅನ್ನಲ್ಲ. ಆರತಿಗೆ ನನ್ನನ್ನ ಕರೀಬೇಕು."

"ಮುಳ್ಳೇ ಸಿಗ್ತಿಲ್ವಲ್ಲಕ್ಕ ಈಗ. ನಾಳೆ ಪ್ಲೇಟು ಒಡೆದ್ರೆ? ನೀವೇ ಇಲ್ದೆ ಹೋದ್ರೆ?"

ಆದಿಲಕ್ಷ್ಮಮ್ಮ ವೈರು ಸುತ್ತುವುದನ್ನು ನಿಲ್ಲಿಸುವುದಿಲ್ಲ.

"ಹೆಂಗಸ್ರು ಬಾಯಲ್ಲೇ ಹಾಡ್ಕೋತಾರೆ, ಅವ್ರಿಗೆ ಬರುತ್ತಲ್ಲ. ಅಷ್ಟು ಹೊತ್ತು ನಿನ್ ಕಂಪ್ಯೂಟರ್ ಬಂದ್ ಮಾಡ್ಕೊಂಡು ಕೈ ಕಟ್ಕೊಂಡು ನಿಂತ್ಕೋ."