ಕಂದೀಲಿನ ದೂರ

ದಾಂಡೇಲಿಯ ಕಾರ್ಖಾನೆಯೊಂದರಲ್ಲಿ ಸಣ್ಣ ಬಿಡಿಭಾಗಗಳ ಅಳತೆ ನೋಡುವುದು ನನ್ನ ಕೆಲಸವಾಗಿತ್ತು. ಭಾಗದ ಹಿಂದಿನಿಂದ ಬೆಳಕು ಬಿಟ್ಟು, ಗಾಜಿನ ಪರದೆಯ ಮೇಲೆ ಬಿದ್ದ ನೆರಳನ್ನು ಅಳೆಯುತ್ತಿದ್ದೆವು. ಬೆಳಕು ಹೇಗೋ ಅಳತೆ ಹಾಗೆ. ಕಿರಣಗಳು ಮಸೂರದಿಂದ ಸಮಾಂತರವಾಗಿ ಬಂದರೆ ನೆರಳಿನ ಅಂಚು ಬ್ಲೇಡಿನಂತಿರುತ್ತದೆ. ಬರಿಯ ಬಲ್ಬನ್ನು ಹತ್ತಿರವಿಟ್ಟರೆ ನೆರಳು ಹಿಗ್ಗುತ್ತದೆ, ಅಂಚು ಮಸುಕಾಗುತ್ತದೆ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವನೂ ನಾನೇ.

ಒಂದು ಸಂಜೆ ಕರೆಂಟು ಹೋಗಿತ್ತು. ಏಳು ವರ್ಷದ ಮಗಳು ಸುಮ್ಮನೆ ಕೂರಲೊಲ್ಲಳು. ಗೋಡೆಗೆ ಟ್ರೇಸಿಂಗ್ ಕಾಗದ ಅಂಟಿಸಿ, ಅವಳನ್ನು ಅದರ ಮುಂದೆ ಪಕ್ಕವಾಗಿ ಕೂರಿಸಿ, ಈಚೆ ಕಂದೀಲು ಇಟ್ಟು ಮುಖದ ನೆರಳಿನ ಸುತ್ತ ಗೆರೆ ಎಳೆದೆ. ನಗಬೇಡ ಎಂದಷ್ಟೂ ನಕ್ಕಳು. ತುಟಿಯ ಹತ್ತಿರ ಗೆರೆ ಎರಡಾಯಿತು. ಕಂದೀಲು ಎಷ್ಟು ದೂರವಿತ್ತು, ಅವಳು ಗೋಡೆಗೆ ಎಷ್ಟು ಹತ್ತಿರವಿದ್ದಳು, ಬರೆದುಕೊಳ್ಳಲಿಲ್ಲ. ಆಟಕ್ಕೆ ಯಾರು ಬರೆದುಕೊಳ್ಳುತ್ತಾರೆ?

ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಹಳಿಯಾಳಕ್ಕೆ, ಅಲ್ಲಿಂದ ಧಾರವಾಡಕ್ಕೆ ಒಯ್ದೆವು. ಉಳಿಯಲಿಲ್ಲ.

ಮನೆಯಲ್ಲಿ ಅವಳ ಫೋಟೊ ಒಂದೂ ಇರಲಿಲ್ಲ. ಒಂದು ತಿಂಗಳ ಮೇಲೆ ಟ್ರಂಕಿನಿಂದ ಆ ಕಾಗದ ತೆಗೆದು ಹೆಂಡತಿಯ ಮುಂದೆ ಹರಡಿದೆ. ಬಹಳ ಹೊತ್ತು ನೋಡಿದಳು.

"ಇಷ್ಟ ದೊಡ್ಡ ಮಾರಿ ಇತ್ತೇನ್ರಿ ನಮ್ಮ ಕೂಸಿಂದು? ಇದು ಯಾರೋ ದೊಡ್ಡ ಹೆಂಗಸಿನ ಹಂಗ ಐತಿ."

ಕಂದೀಲು ಹತ್ತಿರವಿತ್ತು, ಅದಕ್ಕೇ ನೆರಳು ಹಿಗ್ಗಿದೆ ಎಂದೆ.

"ಹಂಗಾರ ಖರೇ ಅಳತಿಗೆ ತಂದು ಕೊಡ್ರಿ. ನಿಮ್ಮ ಕೆಲಸನ ಅದು ಅಲ್ಲೇನು?"

ರವಿವಾರ ಕಿಟಕಿ ಮುಚ್ಚಿ, ಅದೇ ಗೋಡೆಯ ಮುಂದೆ, ಮಗಳು ಕೂತಿದ್ದಳು ಅನ್ನಿಸಿದಲ್ಲಿ, ಅವಳ ತಲೆಯ ಬದಲು ಸ್ಟೂಲಿನ ಮೇಲೆ ತಂಬಿಗೆ ಇಟ್ಟೆ. ಕಂದೀಲನ್ನು ಗೇಣು ಗೇಣು ಸರಿಸಿದೆ. ಪ್ರತಿ ಸಲವೂ ನೆರಳು ಬೇರೆ ಅಳತೆಯಾಗುತ್ತಿತ್ತು, ಪ್ರತಿ ಸಲವೂ ಇದೇ ಜಾಗ ಅನ್ನಿಸುತ್ತಿತ್ತು. ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿ ನೋಡೋಣ ಎಂದೆ. ಹೆಂಡತಿ ಬೇಡವೆಂದಳು. ಕೊನೆಗೆ ಅಂದಾಜಿನ ಮೇಲೆ ಸಣ್ಣದಾಗುತ್ತ ಹೋಗುವ ಮೂರು ಮುಖ ಬರೆದೆ. ಒಂದನ್ನೂ ಅವಳು ಒಪ್ಪಲಿಲ್ಲ. ಕಾಗದ ಬದಿಗಿಟ್ಟು, ಎರಡೂ ಅಂಗೈಗಳನ್ನು ಎದುರುಬದುರು ಎತ್ತಿ ಹಿಡಿದಳು.

"ಎಣ್ಣಿ ಹಚ್ಚೂವಾಗ ಅಕಿ ಮಾರಿ ಇಷ್ಟ ಇರ್ತಿತ್ತು ನನ್ನ ಕೈಯಾಗ. ಲಗೂ ಅಳಕೊಳ್ರಿ."

ಉಕ್ಕಿನ ಸ್ಕೇಲನ್ನು ಅವಳ ಕೈಗಳ ನಡುವೆ ಹಿಡಿದೆ. ನಡುವಿನ ಜಾಗ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಯಾವ ಅಳತೆಯನ್ನು ಓದಬೇಕೋ ತಿಳಿಯದೆ ಹಿಡಿದೇ ಇದ್ದೆ.