ಹೊಗೆಕೊಳವೆಗೆ ಪರವಾನಗಿ

ಅವ್ವನ ಸೆರಗಿನ ಒಂದೇ ಮೂಲೆ ಬಣ್ಣಗೆಟ್ಟಿತ್ತು. ರೊಟ್ಟಿ ಬಡಿಯುವಾಗ ಕಣ್ಣೊರೆಸಿಕೊಳ್ಳುತ್ತಿದ್ದ ಮೂಲೆ ಅದು. ಬರೀ ಕಣ್ಣಾಗಿದ್ದರೆ ಮನೆಯಲ್ಲಿ ಯಾರೂ ಗಮನಿಸುತ್ತಿರಲಿಲ್ಲವೇನೋ. ಆ ವರ್ಷ ಕೆಮ್ಮೂ ಸೇರಿತು. ಒಲೆಯ ಮುಂದೆ ಕೂರುವುದನ್ನು ಬಿಡಿಸಿ, ಇಲ್ಲವೇ ಹೊಗೆಯನ್ನು ಹೊರಗೆ ಹಾಕಿ ಎಂದರು ಡಾಕ್ಟರು. ಮೊದಲನೆಯದು ನಮ್ಮ ಮನೆಯಲ್ಲಿ ಚರ್ಚೆಗೇ ಬರಲಿಲ್ಲ.

ಎಪ್ಪತ್ತರ ದಶಕ. ಗ್ಯಾಸಿಗೆ ಹೆಸರು ಬರೆಸಿದವರು ಹಾಗೆ ಬರೆಸಿದ್ದನ್ನೇ ಮರೆತು ಬದುಕುತ್ತಿದ್ದರು. ನಾನು ಬಿ.ಎಸ್ಸಿ. ಮುಗಿಸಿ ಜೋರಾಪುರ ಪೇಟೆಯ ಮನೆಗೆ ಮರಳಿದ್ದೆ. ತಿಕೋಟದ ಅತ್ತೆಯ ಮನೆಯಲ್ಲಿ ಕೊಳವೆಯಿರುವ ಒಲೆ ನೋಡಿದ್ದೆ: ಉರಿ ಒಲೆಯೊಳಗೆ, ಹೊಗೆ ಸಿಮೆಂಟ್ ಪೈಪಿನಲ್ಲಿ ಮಾಳಿಗೆಯಾಚೆ. ಅದನ್ನೇ ಹಾಕಿಸಬೇಕು, ಎಲ್ಲವೂ ಕ್ರಮಬದ್ಧವಾಗಿರಬೇಕು ಎಂಬುದು ನನ್ನ ಹಟ. ಬಬಲೇಶ್ವರದ ಗೌಂಡಿ ಹಳೆಯ ಒಲೆ ಕಿತ್ತು ಹೊಸದು ಕಟ್ಟಿ, ಬೆಳಕಿಂಡಿಯ ಮೂಲಕ ಪೈಪು ಏರಿಸಿ, ಜಂತಿಗೆ ಕಾವು ತಾಗದಂತೆ ಸುತ್ತಲೂ ದಪ್ಪಗೆ ಮಣ್ಣು ತುಂಬಿದ.

"ಒಲಿಗ್ಯಾಕ್ರಿ ಪರವಾನಗಿ? ನಾಳೆ ರೊಟ್ಟಿಗೂ ಕೇಳ್ತೀರೇನು?" ಎಂದು ನಕ್ಕ.

ಪುರಸಭೆಯವರೂ ನಕ್ಕರು. ಆದರೆ ಕೇಳಿದ ಮೇಲೆ ನಿಯಮ ಹುಟ್ಟಲೇಬೇಕಲ್ಲ. ಪಕ್ಕದ ಮನೆಯವರು ಒಪ್ಪಬೇಕು, ಒಲೆ ಹೊತ್ತಿಸುವಾಗ ತಮ್ಮ ಸಾಹೇಬರು ಬಂದು ನೋಡಬೇಕು ಎಂದರು.

ಪಕ್ಕದ ಮನೆಯ ಚಾಚಾ ಬಟ್ಟೆ ವ್ಯಾಪಾರಿ. ಅವರ ಮಾಳಿಗೆಗೂ ನಮ್ಮ ಮಾಳಿಗೆಗೂ ನಡುವೆ ಮೊಳಕಾಲೆತ್ತರದ ಗೋಡೆ.

"ನೋಡ ಬೇಟಿ, ನಮ್ಮ ಹಾಸಿಗಿ, ಮೆಣಸಿನಕಾಯಿ ಎಲ್ಲಾ ಮ್ಯಾಲೇ ಇರತಾವ. ಒಂದ ಎಳಿ ಹೊಗಿ ಬಂದ್ರೂ ನಾ ಒಪ್ಪಂಗಿಲ್ಲ," ಎಂದರು.

"ಪೈಪು ಎತ್ತರ ಐತ್ರಿ ಚಾಚಾ."

"ಇರಲಿ. ನೋಡಿ ಹೇಳತೀನಿ."

ಒಲೆ ಹೊತ್ತಿಸಿ ತೋರಿಸುವ ದಿನ ಅವ್ವ ಅದಕ್ಕೆ ಕುಂಕುಮ ಹಚ್ಚಿ, ಹಾಲಿಟ್ಟು, ಉರಿ ಹಚ್ಚಿದಳು. ಸಾಹೇಬರು ಅಡುಗೆಮನೆಯ ಹೊಸ್ತಿಲಲ್ಲಿ, ಚಾಚಾ ತಮ್ಮ ಮಾಳಿಗೆಯ ಮೇಲೆ ಕಾವಲಿಗೆ. ಹೊಗೆ ಒಂದು ಕ್ಷಣ ಪೈಪಿನ ಕಡೆಗೆ ಹೋಯಿತು, ಏನೋ ನೆನಪಾದಂತೆ ತಿರುಗಿ ಒಲೆಯ ಬಾಯಿಂದಲೇ ಹೊರಬಂತು. ಹಾಲು ಉಕ್ಕುವ ಮೊದಲೇ ಅವ್ವ ಕೆಮ್ಮುತ್ತಾ ಅಂಗಳಕ್ಕೆ ಓಡಿದಳು.

"ಇದಕ್ಕಿಂತ ಹಳೀ ಒಲಿನ ಚಲೋ ಇತ್ತಲ್ರಿ, ಬಾಯಾರ!" ಎಂದರು ಸಾಹೇಬರು, ಕಣ್ಣುಜ್ಜಿಕೊಳ್ಳುತ್ತಾ.

ಮೇಲಿನಿಂದ ಚಾಚಾ ಕೂಗಿದರು: "ಶಾಬಾಸ್ ಬೇಟಿ! ಒಂದ ಎಳೀನೂ ಇಲ್ಲ! ಸಾಹೇಬ್ರ, ನಂದೇನ ತಕರಾರಿಲ್ರಿ!"

ಏಣಿ ಹತ್ತಿ ನೋಡಿದೆ. ಪೈಪಿನ ತಲೆಯ ಮೇಲೆ ಸುಣ್ಣದ ಬೊಟ್ಟಿಟ್ಟ ಗಡಿಗೆ ಬೋರಲಾಗಿ ಕೂತಿತ್ತು. ಹೊಸ ಕಟ್ಟಡದ ಮೇಲೆ, ಹೊಲದ ಕಂಬದ ಮೇಲೆ ಇಡುವಂಥ ದೃಷ್ಟಿಗಡಿಗೆ. ಅಪ್ಪನ ತಾಯಿ, ನಮ್ಮ ಆಯಿ, ಬೆಳಗ್ಗೆ ತಾನೇ ಏಣಿ ಹತ್ತಿ ಇಟ್ಟು ಬಂದಿದ್ದಳು.

"ಆಯೀ, ಅದು ಹೊಗಿ ಹೋಗೋ ಬಾಯಿ!" ಎಂದು ಕೆಳಗೆ ಅಂಗಳದಲ್ಲಿದ್ದ ಅವಳಿಗೆ ಕೂಗಿದೆ.

"ಓಣಿ ಮಂದಿ ಕಣ್ಣೆಲ್ಲಾ ಅದರ ಮ್ಯಾಲೇ ಅದಾವ. ಹಂಗ ಬೋಳ ತಲೀಲೆ ನಿಂದ್ರಸ್ತಾರೇನ? ಹೊಗಿಗೇನ ಧಾಡಿ, ಬಾಗಲಾ ಐತಿ, ಹೋಗತೈತಿ."

"ನಾ ಅದನ್ನ ಪೈಪಿನ ಟೊಪಗಿ ಅಂತ ತಿಳಿದಿದ್ದೆ," ಎಂದರು ಚಾಚಾ. "ತಗೀಬ್ಯಾಡ. ಬರೋಬ್ಬರಿ ಐತಿ."

ನಾನು ಕೆಳಗಿಳಿಯುವಷ್ಟರಲ್ಲಿ ಸಾಹೇಬರು ಒಪ್ಪಿಗೆ ಕೊಟ್ಟು ಹೊರಟಿದ್ದರು. ಜಂತಿಗೆ ಬೆಂಕಿಯ ಭಯವಿಲ್ಲ, ಪಕ್ಕದವರಿಗೆ ತೊಂದರೆಯಿಲ್ಲ. ಮನೆಯೊಳಗಿನವರ ಉಸಿರಿನ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ. ಇಡೀ ಓಣಿಯಲ್ಲಿ ಪರವಾನಗಿ ಪಡೆದ ಒಲೆ ನಮ್ಮದೊಂದೇ; ಅದನ್ನು ಹೊತ್ತಿಸುವಂತಿರಲಿಲ್ಲ, ಅಷ್ಟೇ. ಅಂದು ಸಂಜೆ ಅವ್ವ ಅಂಗಳದಲ್ಲಿ ಮೂರು ಕಲ್ಲು ಹೂಡಿ, ನಡುನಡುವೆ ಕೆಮ್ಮುತ್ತಾ ರೊಟ್ಟಿ ಸುಟ್ಟಳು. ನಡುವೆ ಒಮ್ಮೆ, ಸುಧಾರಿಸಿಕೊಳ್ಳಲು, ಹಂಚು ಇಳಿಸಿ ಗೋಡೆಗೊರಗಿ ಕೂತಳು.

ಮರುದಿನ ಬೆಳಗ್ಗೆ ನಾನು ಮಾಳಿಗೆ ಹತ್ತಿ ಗಡಿಗೆ ತೆಗೆದೆ. ಪೈಪಿನ ಪಕ್ಕದಲ್ಲೊಂದು ಕೋಲು ನೆಟ್ಟು ಅದರ ಮೇಲೆ ಕೂರಿಸಿದೆ; ದೃಷ್ಟಿಗೆ ಅಷ್ಟು ಅಂತರ ಲೆಕ್ಕವಿಲ್ಲ. ಆಮೇಲೆ ಚಾಚಾನ ಬಾಗಿಲು ತಟ್ಟಿ, "ಇವತ್ತ ಹೊಗಿ ಬರತೈತ್ರಿ. ಅವ್ವಗ ಕೆಮ್ಮು ಭಾಳ ಆಗೇತಿ. ಎಷ್ಟ ಬರತೈತಿ ಬಂದು ನೋಡ್ರಿ," ಎಂದೆ. ಅವರು ಚಪ್ಪಲಿ ಮೆಟ್ಟಿದರು. ಅವರನ್ನು ಪೈಪಿನ ಪಕ್ಕ ನಿಲ್ಲಿಸಿ, ಅಂಗಳದ ಕಡೆ ಬಗ್ಗಿ, ಒಳಗಿನ ಹೊಸ ಒಲೆ ಹೊತ್ತಿಸು ಎಂದು ಅವ್ವನಿಗೆ ಕೂಗಿದೆ.