ಹಕ್ಕಿ ಓದುವ ಕನ್ನಡಕದ ಯಜಮಾನರು

ಕನ್ನಡಕದಂಗಡಿಯ ಯಜಮಾನರಿಗೆ ಗಿರಾಕಿಯ ಕಣ್ಣಿಗಿಂತ ಕಿಟಕಿಯಾಚೆಯ ತಂತಿಯ ಮೇಲೇ ಗಮನ. ಗಿರಾಕಿ ಅಕ್ಷರ ಓದುತ್ತಿದ್ದರೆ ಇವರು ಕಾಗೆಯನ್ನು ಓದುತ್ತಿರುತ್ತಾರೆ. ಅಂಗಡಿಯ ಕನ್ನಡಿಯನ್ನು ಗುಬ್ಬಿ ಕುಕ್ಕಿದರೆ, "ಜಂಬ ಅಲ್ಲ ಕಣ್ರೀ, ಒಳಗಿರೋದು ಬೇರೆ ಗಂಡು ಅಂದ್ಕೊಂಡಿದೆ. ನನ್ನ ಭಾಮೈದನೂ ಹೀಗೇ, ಸುಮ್ನೆ ಜಗಳ ತೆಗೀತಾನೆ" ಎನ್ನುತ್ತಾರೆ. ಹಕ್ಕಿ ಖುಷಿಗೆ ಹಾಡುತ್ತದೆ ಎಂದವರಿಗೆ ಅವತ್ತು ಕನ್ನಡಕ ಸಿಗುವುದಿಲ್ಲ, ಪಾಠ ಸಿಗುತ್ತದೆ: "ಅದು ಹಾಡಲ್ಲ, ಬೇಲಿ. ಇದು ನನ್ನ ಜಾಗ, ಆಚೆ ಹೋಗು ಅಂತಿದೆ." ಅವರಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚು ಟಿಟ್ಟಿಭ ಹಕ್ಕಿ. ಅದರ ಗೂಡು ಬರೀ ನೆಲದ ಮೇಲೆ. ನಾಯಿ ಹತ್ತಿರ ಬಂದರೆ ರೆಕ್ಕೆ ಮುರಿದಂತೆ ನಟಿಸಿ, ಕಿರುಚುತ್ತಾ ಕುಂಟಿ, ನಾಯಿಯನ್ನು ಮರಿಗಳಿಂದ ದೂರ ಕರೆದೊಯ್ಯುತ್ತದೆ. ಇದನ್ನು ಹೇಳುವಾಗ ಯಜಮಾನರು ಮೇಜಿನ ಸುತ್ತ ಕುಂಟಿಯೂ ತೋರಿಸುತ್ತಾರೆ. ಗುಂಡುಕಲ್ಲಿನ ಹಾಗಿರುವ ಆಸಾಮಿ, ಏಣಿ ಹತ್ತಿ ತಾವೇ ಬೋರ್ಡು ಒರೆಸುವವರು. ಆದರೆ ಮಗಳು ಗಂಡನನ್ನು ಬಿಟ್ಟು ಮನೆಗೆ ಬಂದಾಗಿನಿಂದ ಅವರಿಗೊಂದು ಸೊಂಟನೋವು ಶುರುವಾಗಿದೆ. ನೆಂಟರು ಬಂದು ಕೂತು, "ಎಲ್ಲಿ ಅವಳು? ಯಾಕಂತೆ ಬಂದಿದ್ದು?" ಎಂದು ಒಳಕೋಣೆಯತ್ತ ಕತ್ತು ಚಾಚಿದ ಕೂಡಲೇ, "ಅಯ್ಯಯ್ಯೋ, ಸೊಂಟ!" ಎಂದು ನರಳುತ್ತಾರೆ. ಚಿಕ್ಕಮ್ಮ ಒಂದು ಎಣ್ಣೆ ಹೇಳುತ್ತಾರೆ, ಭಾಮೈದ ಒಬ್ಬ ಡಾಕ್ಟರನ್ನು ಹೇಳುತ್ತಾನೆ. ಮಾತೆಲ್ಲ ಸೊಂಟದ ಸುತ್ತಲೇ ಸುತ್ತಿ, ಕೊನೆಗೆ ನೆಂಟರು ಯಜಮಾನರ ತೋಳು ಹಿಡಿದುಕೊಂಡೇ ಗೇಟಿನವರೆಗೆ ನಡೆಯುತ್ತಾರೆ. ಅವರು ತಿರುವು ದಾಟಿದ ಮೇಲೆ ಯಜಮಾನರು ಗೇಟು ಹಾಕಿ, ನೆಟ್ಟಗೆ ನಿಂತು, ಒಳಕ್ಕೆ ಕೂಗುತ್ತಾರೆ: "ಹೋದ್ರು ಪುಟ್ಟಿ, ಹೊರಗೆ ಬಾ."